ಉತ್ತರ ಕೊಟ್ಟವರಿಗೆ ಫಲಿತಾಂಶ ತಲುಪಿತೇ?

ಬೆಳಗಾವಿ ಜಿಲ್ಲೆಯ ತಾಯಂದಿರು ಎರಡು ದಶಕಗಳಿಂದ ಜಗತ್ತಿನ ವೈದ್ಯಕೀಯಕ್ಕೆ ಉತ್ತರ ಕೊಡುತ್ತ ಬಂದಿದ್ದಾರೆ. ಈಗ ಸಂಶೋಧನೆಯ ಅಂಗಳಕ್ಕೆ ವಾಟ್ಸ್‌ಆ್ಯಪ್, ಫೇಸ್‌ಬುಕ್ ಕಾಲಿಟ್ಟಿವೆ. ಅವುಗಳಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು?

ಹೆರಿಗೆಯಾದ ಮೇಲೆ ಬಾಣಂತಿಯ ಮೈಯಿಂದ ಎಷ್ಟು ರಕ್ತ ಹೋಯಿತು? ಬಹುಕಾಲ ಇದಕ್ಕೆ ಉತ್ತರ ಹೇಳುತ್ತಿದ್ದುದು ಸೂಲಗಿತ್ತಿಯ ಇಲ್ಲವೇ ನರ್ಸ್‌ಬಾಯಿಯ ಕಣ್ಣು. ತೊಯ್ದ ಬಟ್ಟೆ ನೋಡಿ, ನೆಲ ನೋಡಿ ಒಂದು ಅಂದಾಜು ಕಟ್ಟುತ್ತಿದ್ದರು. ಆ ಅಂದಾಜನ್ನು ಪರೀಕ್ಷೆಗೆ ಒಡ್ಡಿದ ಊರುಗಳಲ್ಲಿ ಬೆಳಗಾವಿ ಮುಖ್ಯವಾದದ್ದು. ಇಲ್ಲಿನ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ ಒಂದು ಪ್ಲಾಸ್ಟಿಕ್ ಹಾಸು ರೂಪಿಸಿದರು. ಅದರ ತುದಿಯಲ್ಲಿ ಮಿಲಿಲೀಟರ್ ಗೆರೆ ಹಾಕಿದ ಚೀಲ. ಸಹಭಾಗಿಗಳ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. 2006ರಲ್ಲಿ ಪ್ರಕಟವಾದ ಅವರ ಹೋಲಿಕೆಯ ಪ್ರಕಾರ ಕಣ್ಣಂದಾಜಿನ ಲೆಕ್ಕ ಚೀಲದ ಲೆಕ್ಕಕ್ಕಿಂತ ಶೇ 33ರಷ್ಟು ಕಡಿಮೆ ಇತ್ತು. ಅಂದರೆ ತಾಯಿಯ ಜೀವ ತೆಗೆಯಬಲ್ಲ ರಕ್ತಸ್ರಾವದ ಮೂರನೇ ಒಂದು ಭಾಗ ನುರಿತ ಕಣ್ಣಿಗೂ ಕಾಣುತ್ತಿರಲಿಲ್ಲ.

ಅದೇ ತಂಡ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಮತ್ತೊಂದು ಪ್ರಶ್ನೆಯ ಬೆನ್ನು ಹತ್ತಿತ್ತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ ಹೆಂಗಸಿಗೆ ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರೆ ರಕ್ತಸ್ರಾವ ತಡೆಯಬಹುದೇ? ಡಾ. ರಿಚರ್ಡ್ ಡರ್ಮನ್, ಡಾ. ಬಿ.ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಸಂಗಡಿಗರ ಈ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಭಾಗವಹಿಸಿದ್ದು 1,620 ಮಹಿಳೆಯರು. 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟ ಎಎನ್‌ಎಂಗೂ, ಅಂದರೆ ಉಪಕೇಂದ್ರದ ಆರೋಗ್ಯ ಸಹಾಯಕಿಗೂ, ಗೊತ್ತಿಲ್ಲ, ನುಂಗಿದ ತಾಯಿಗೂ ಗೊತ್ತಿಲ್ಲ. ಹುಸಿ ಗುಳಿಗೆಯ ಗುಂಪಿನಲ್ಲಿ ಶೇ 12ರಷ್ಟಿದ್ದ ರಕ್ತಸ್ರಾವ, ನಿಜ ಗುಳಿಗೆಯ ಗುಂಪಿನಲ್ಲಿ ಶೇ 6.4ಕ್ಕೆ ಇಳಿಯಿತು. 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಹೊರಬಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನ ನಡೆಯುವಾಗ ವಾಟ್ಸ್‌ಆ್ಯಪ್ ಹುಟ್ಟಿರಲಿಲ್ಲ. ಹಳ್ಳಿಯಲ್ಲಿ ಮೊಬೈಲೇ ಅಪರೂಪ. ಸಂಶೋಧನೆಗೆ ಜನರನ್ನು ಕರೆತಂದದ್ದು ಎಎನ್‌ಎಂಗಳ ಪಾದ, ಅವರ ಮೇಲೆ ಮನೆಯವರಿಗಿದ್ದ ನಂಬಿಕೆ. ಇಂದು ಕಾಯಿಲೆ, ಔಷಧ, ಲಸಿಕೆ ಕುರಿತ ಮಾತುಕತೆ ಬಹುಪಾಲು ನಡೆಯುವುದು ಫೋನಿನ ಪರದೆಯ ಮೇಲೆ. ಆ ಮಾತುಕತೆ ಹೇರಳ, ವೇಗ ವಿಪರೀತ. ಆದರೆ ಅದು ಇನ್ನೂ ಕಣ್ಣಂದಾಜಿನ ಹಂತದಲ್ಲೇ ಇದೆ. ಗೆರೆ ಹಾಕಿದ ಚೀಲ ಬೇರೆಯೇ ಕಡೆ ಇದೆ.

ಒಬ್ಬರ ಅನುಭವ, ಸಾವಿರಾರು ಮಂದಿಯ ಲೆಕ್ಕ

2020ರ ಜುಲೈನಲ್ಲಿ ಬೆಳಗಾವಿ ರಾಷ್ಟ್ರದ ಸುದ್ದಿಯಾಯಿತು. ಕೊವ್ಯಾಕ್ಸಿನ್ ಲಸಿಕೆಯ ಮೊದಲ ಹಂತದ ಪ್ರಯೋಗಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಆರಿಸಿದ 12 ಆಸ್ಪತ್ರೆಗಳಲ್ಲಿ ಕರ್ನಾಟಕಕ್ಕೆ ಸೇರಿದ್ದು ಒಂದೇ: ಬೆಳಗಾವಿಯ ಜೀವನರೇಖಾ. ಜುಲೈ 2ರ ದಿನಾಂಕ ಹೊತ್ತ ಐಸಿಎಂಆರ್ ಪತ್ರವೊಂದು ಆಗಸ್ಟ್ 15ರೊಳಗೆ ಲಸಿಕೆ ಜನಬಳಕೆಗೆ ಬರಬೇಕೆಂಬ ಗುರಿ ಹೇಳಿತ್ತು. ಪತ್ರ ಮರುದಿನವೇ ಟ್ವಿಟರ್‌ನಲ್ಲಿ ಹರಿದಾಡಿತು. ಪ್ರಯೋಗದ ಮೂರು ಹಂತಗಳನ್ನು ಆರು ವಾರದಲ್ಲಿ ಮುಗಿಸುವುದು ಹೇಗೆ ಎಂದು ವಿಜ್ಞಾನಿಗಳು ಬಹಿರಂಗವಾಗಿ ಕೇಳಿದರು. ಭಾರತೀಯ ವಿಜ್ಞಾನ ಅಕಾಡೆಮಿ ಆಕ್ಷೇಪದ ಹೇಳಿಕೆ ಹೊರಡಿಸಿತು, ಐಸಿಎಂಆರ್ ಸ್ಪಷ್ಟನೆ ಕೊಡಬೇಕಾಯಿತು. ಮುಚ್ಚಿದ ಕೋಣೆಯ ನಿರ್ಧಾರವನ್ನು ಅಂಗಳಕ್ಕೆ ಎಳೆತಂದದ್ದು ಜಾಲತಾಣ. ಸಂಶೋಧನೆಗೆ ಅದು ಮಾಡಬಹುದಾದ ಒಳ್ಳೆಯ ಸೇವೆಗಳಲ್ಲಿ ಇದೊಂದು.

ಅದೇ ಲಸಿಕೆಯ ಮೂರನೇ ಹಂತದಲ್ಲಿ ಇದೇ ಜಾಲತಾಣ ಎಡವಿತು. ಹರಿಯಾಣದ ಸಚಿವ ಅನಿಲ್ ವಿಜ್ 2020ರ ನವೆಂಬರ್ 20ರಂದು ಪ್ರಯೋಗದ ಚುಚ್ಚುಮದ್ದು ತೆಗೆದುಕೊಂಡರು. ಡಿಸೆಂಬರ್ 5ರಂದು ಅವರಿಗೆ ಕೋವಿಡ್ ಖಚಿತವಾಯಿತು. ‘ಲಸಿಕೆ ಸೋತಿತು’ ಎಂಬ ತೀರ್ಪು ಫೋನುಗಳನ್ನು ತುಂಬಿತು. ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ಲಸಿಕೆಯೇ ಇಲ್ಲದ ಹುಸಿ ಚುಚ್ಚುಮದ್ದು ಕೊಟ್ಟಿರುತ್ತಾರೆ, 28 ದಿನಗಳ ಅಂತರದಲ್ಲಿ ಎರಡು ಡೋಸ್ ಆಗಬೇಕು, ಆಮೇಲೂ ಕೆಲವು ದಿನ ಕಾಯಬೇಕು ಎಂಬ ವಿವರಣೆ ಹಿಂದೆ ಬಿತ್ತು. ಆ ಹಂತದಲ್ಲಿ ಭಾಗವಹಿಸಿದವರು 25,798 ಮಂದಿ. ಎರಡೂ ಗುಂಪುಗಳ ರೋಗಿಗಳನ್ನು ಎಣಿಸಿದ ಮೇಲೆ ಸಿಕ್ಕ ಉತ್ತರ: ಶೇ 77.8ರಷ್ಟು ರಕ್ಷಣೆ. ಒಬ್ಬ ಸಚಿವರ ಅನುಭವ ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ.

ಪ್ಲಾಸ್ಮಾದ ಕಥೆ ಇದಕ್ಕಿಂತ ಕಹಿ. ಗುಣವಾದವರ ಪ್ಲಾಸ್ಮಾ ಕೊಟ್ಟರೆ ಕೋವಿಡ್ ರೋಗಿ ಉಳಿಯುತ್ತಾನೆಯೇ ಎಂದು ತಿಳಿಯಲು ಐಸಿಎಂಆರ್ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ‘ಪ್ಲಾಸಿಡ್’ ಹೆಸರಿನ ಅಧ್ಯಯನ ನಡೆಸಿತು. ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ‘ಬಿಎಂಜೆ’ ಪತ್ರಿಕೆಯಲ್ಲಿ ಪ್ರಕಟವಾಯಿತು: ರೋಗ ಉಲ್ಬಣಿಸುವುದನ್ನಾಗಲೀ ಸಾವನ್ನಾಗಲೀ ಪ್ಲಾಸ್ಮಾ ತಡೆಯಲಿಲ್ಲ. ಆದರೂ 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ‘ತುರ್ತಾಗಿ ಪ್ಲಾಸ್ಮಾ ಬೇಕು’ ಎಂಬ ಮನವಿಗಳು ಊರೂರಿನ ಗ್ರೂಪುಗಳಲ್ಲಿ ತುಂಬಿದವು. ಚಿಕಿತ್ಸಾ ಮಾರ್ಗಸೂಚಿಯಿಂದ ಅದನ್ನು ಕೈಬಿಟ್ಟದ್ದು ಮೇ 17ರಂದು. ಏಳು ತಿಂಗಳು ಉತ್ತರ ಕೈಯಲ್ಲಿದ್ದೂ ಅದು ಜನರ ಫೋನಿಗೆ ಇಳಿದಿರಲಿಲ್ಲ. ಮನವಿ ಕಳಿಸಿದವರಲ್ಲಿ ಕೆಟ್ಟ ಉದ್ದೇಶ ಯಾರದ್ದೂ ಇರಲಿಲ್ಲ. ಅಳತೆ ಮಾಡಿದವರು ತಮ್ಮ ಅಳತೆಯನ್ನು ಜನರ ಭಾಷೆಯಲ್ಲಿ ಹೇಳದೆ ಸುಮ್ಮನಿದ್ದರು.

ಜಾಲತಾಣ ಗೆದ್ದ ಕಡೆ

ಹಾಗೆಂದು ಫೋನನ್ನು ದೂರಿ ಮುಗಿಸುವಂತಿಲ್ಲ. ಕೆಲವು ಪ್ರಶ್ನೆಗಳನ್ನು ಹುಟ್ಟಿಸಿದ್ದೇ ಜಾಲತಾಣ. ಹೃದಯದ ರಕ್ತನಾಳದ ಒಳಪದರ ತಾನಾಗಿ ಸೀಳುವ ‘ಸ್ಕ್ಯಾಡ್’ ಎಂಬ ಕಾಯಿಲೆ ಇದೆ. ಬಾಣಂತಿಯರೂ ಸೇರಿದಂತೆ ಕಡಿಮೆ ವಯಸ್ಸಿನ ಹೆಂಗಸರಿಗೆ ಬರುವಂಥದ್ದು. ಒಬ್ಬ ಹೃದ್ರೋಗ ತಜ್ಞ ವೃತ್ತಿಜೀವನದಲ್ಲಿ ಇಂಥ ಕೆಲವೇ ರೋಗಿಗಳನ್ನು ಕಾಣುತ್ತಾನೆ, ಹಾಗಾಗಿ ಅಧ್ಯಯನಕ್ಕೆ ಜನ ಸಿಗುವುದಿಲ್ಲ. ಅಮೆರಿಕದ ಕ್ಯಾಥರೀನ್ ಲಿಯಾನ್ ಎಂಬ ರೋಗಿ ಅಂತರ್ಜಾಲದಲ್ಲಿ ತನ್ನಂಥವರನ್ನು ಒಟ್ಟುಗೂಡಿಸಿ, ಮೇಯೊ ಕ್ಲಿನಿಕ್‌ನ ಡಾ. ಶರಾನ್ ಹೇಯ್ಸ್ ಅವರಲ್ಲಿಗೆ ಹೋಗಿ, ‘ನಾವಿದ್ದೇವೆ, ನಮ್ಮನ್ನು ಅಧ್ಯಯನ ಮಾಡಿ’ ಎಂದು ಕೇಳಿಕೊಂಡರು. 12 ಮಂದಿಯಿಂದ ಶುರುವಾದ ಆ ಕೆಲಸದ ವರದಿ 2011ರಲ್ಲಿ ಬಂತು. ಇಂದು ಅದರ ನೋಂದಣಿ ಪಟ್ಟಿ ಸಾವಿರ ದಾಟಿದೆ.

‘ಲಾಂಗ್ ಕೋವಿಡ್’ ಎಂಬ ಹೆಸರನ್ನೂ ಕೊಟ್ಟವರು ವೈದ್ಯರಲ್ಲ. ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ 2020ರ ಮೇನಲ್ಲಿ ಟ್ವಿಟರ್‌ನಲ್ಲಿ ಅದನ್ನು ಬಳಸಿದರು. ರೋಗಿಗಳೇ ನಡೆಸಿದ ಸಮೀಕ್ಷೆಯಲ್ಲಿ 56 ದೇಶಗಳ 3,762 ಮಂದಿ ಉತ್ತರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಆ ಸ್ಥಿತಿಗೆ ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ತಲೆಯ ಮೇಲೆ ಐಸ್ ನೀರು ಸುರಿದುಕೊಂಡ 2014ರ ‘ಐಸ್ ಬಕೆಟ್’ ಆಟ, ಎಎಲ್‌ಎಸ್ ಎಂಬ ನರರೋಗಕ್ಕಾಗಿ ಇರುವ ಅಮೆರಿಕದ ಸಂಘಕ್ಕೆ 11.5 ಕೋಟಿ ಡಾಲರ್ ತಂದುಕೊಟ್ಟಿತು. ಎರಡೇ ವರ್ಷದಲ್ಲಿ ಆ ಹಣದ ನೆರವಿನಿಂದ ಆ ನರರೋಗಕ್ಕೆ ಸಂಬಂಧಿಸಿದ ಒಂದು ಜೀನ್ ಪತ್ತೆಯಾಯಿತು.

ನಮ್ಮಲ್ಲೂ ಈ ದಾರಿ ತೆರೆದಿದೆ. ಸ್ನಾಯು ಕ್ಷಯಿಸುವ ಡುಶೇನ್ ಕಾಯಿಲೆಯ ಮಕ್ಕಳ ತಂದೆತಾಯಂದಿರೇ ಬೆಂಗಳೂರಿನಲ್ಲಿ ‘ಡಾರ್ಟ್’ ಎಂಬ ಸಂಶೋಧನಾ ಟ್ರಸ್ಟ್ ಕಟ್ಟಿದ್ದಾರೆ. ಬೆನ್ನುಹುರಿ ಸ್ನಾಯುಕ್ಷಯದ ಕೂಸುಗಳಿಗೆ ಬೇಕಾದ ಸುಮಾರು 16 ಕೋಟಿ ರೂಪಾಯಿಯ ಜೀನ್ ಚಿಕಿತ್ಸೆಗೆ ದೇಶದ ಹಲವು ಕುಟುಂಬಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲೇ ಹಣ ಒಟ್ಟು ಮಾಡಿವೆ. ಹತ್ತು ಹಳ್ಳಿಗೆ ಒಬ್ಬರಂತೆ ಚದುರಿದ ರೋಗಿಗಳನ್ನು ಒಂದೇ ಜಗಲಿಗೆ ತರುವ ಶಕ್ತಿ ಜಾಲತಾಣಕ್ಕಲ್ಲದೆ ಬೇರೆ ಯಾವುದಕ್ಕೂ ಇಲ್ಲ.

ಆದರೆ ಸೇರಿದವರು ತಾವೇ ಮದ್ದು ಅಳೆಯಲು ಹೊರಟರೆ? ಎಎಲ್‌ಎಸ್‌ಗೆ ಲಿಥಿಯಂ ಪರಿಣಾಮಕಾರಿ ಎಂದು 2008ರಲ್ಲಿ ಇಟಲಿಯಿಂದ ಒಂದು ಸಣ್ಣ ಅಧ್ಯಯನ ಬಂತು. ಕಾಯಲು ಸಮಯವಿಲ್ಲದ ರೋಗಿಗಳು ಲಿಥಿಯಂ ನುಂಗತೊಡಗಿ, ತಮ್ಮ ಸ್ಥಿತಿಯನ್ನು ‘ಪೇಷಂಟ್ಸ್‌ಲೈಕ್‌ಮಿ’ ತಾಣದಲ್ಲಿ ದಾಖಲಿಸಿದರು. ನುಂಗಿದ 149 ಮಂದಿಯನ್ನು, ಅದೇ ರೀತಿ ರೋಗ ಬೆಳೆಯುತ್ತಿದ್ದ ಆದರೆ ಲಿಥಿಯಂ ಮುಟ್ಟದ ರೋಗಿಗಳ ಜೊತೆ ಹೋಲಿಸಿದಾಗ ಪರಿಣಾಮ ಶೂನ್ಯ. ಈ ಸೋಲೂ ಒಂದು ಗೆಲುವೇ. ಸಾಧ್ಯವಾದದ್ದು ಹೋಲಿಕೆಗೆ ಮತ್ತೊಂದು ಗುಂಪನ್ನು ಇಟ್ಟುಕೊಂಡಿದ್ದರಿಂದ. ಆ ಗುಂಪು ಇಲ್ಲದಿದ್ದರೆ ಉಳಿಯುವುದು ಬರೀ ‘ನನಗೆ ಗುಣ ಬಂತು’ ಎಂಬ ಮಾತುಗಳು.

ರೇಂಜ್ ಸಿಗದ ಊರುಗಳು

ಬೆಳಗಾವಿಯಿಂದ ಖಾನಾಪುರದ ಕಡೆ ಇಳಿದು, ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ದಿಕ್ಕಿಗೆ ಹೊರಟರೆ ಫೋನಿನ ಗೆರೆಗಳು ಒಂದೊಂದಾಗಿ ಕಾಣೆಯಾಗುತ್ತವೆ. ಭೀಮಗಡ ವನ್ಯಧಾಮದೊಳಗಿನ ಗವಾಳಿ, ಪಾಸ್ತೋಲಿ, ಆಮಗಾಂವ, ಕೃಷ್ಣಾಪುರದಂಥ ಊರುಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸೂ ಕಷ್ಟ. 2024ರ ಜುಲೈನಲ್ಲಿ ಆಮಗಾಂವದ ಕಾಯಿಲೆಬಿದ್ದ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡುದಾರಿ ದಾಟಿಸಿದ ವಿಡಿಯೊ ನಾಡಿನ ತುಂಬ ಹರಿದಾಡಿತು. ಆ ವಿಡಿಯೊದಿಂದ ಊರು ನಾಲ್ಕು ದಿನ ಎಲ್ಲರ ಕಣ್ಣಿಗೆ ಬಿತ್ತು. ಆದರೆ ಹಾಗೆ ಹೊತ್ತೊಯ್ಯಬೇಕಾದವರು ವರ್ಷಕ್ಕೆ ಎಷ್ಟು ಮಂದಿ, ಅವರಿಗೆ ಬಂದದ್ದು ಯಾವ ಕಾಯಿಲೆ ಎಂಬ ಪ್ರಶ್ನೆಗೆ ವಿಡಿಯೊ ಉತ್ತರ ಕೊಡುವುದಿಲ್ಲ. ಅದಕ್ಕೆ ದಾಖಲೆ ಪುಸ್ತಕ ಹಿಡಿದು ಮನೆಮನೆಗೆ ಹೋಗುವವರೇ ಬೇಕು.

ಜಾಲತಾಣದ ಮಾಹಿತಿಯನ್ನು ನೆಚ್ಚಿದ ಸಂಶೋಧನೆಗೆ ಇದೇ ದೊಡ್ಡ ತೊಡಕು. ಅಲ್ಲಿ ಮಾತಾಡುವವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರಲ್ಲಿ ಶೇ 62ರಷ್ಟು ಮಂದಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದರು. ಹೆಂಗಸರಲ್ಲಿ ಆ ಪ್ರಮಾಣ ಶೇ 35. ಮನೆಯ ಫೋನು ಗಂಡನ ಇಲ್ಲವೇ ಮಗನ ಕಿಸೆಯಲ್ಲಿದ್ದರೆ, ಬಸುರಿಯ ತಲೆಸುತ್ತು ಯಾವ ಸ್ಟೇಟಸ್‌ನಲ್ಲೂ ಕಾಣುವುದಿಲ್ಲ. ಲಾಂಗ್ ಕೋವಿಡ್ ಸಮೀಕ್ಷೆಗೂ ಉತ್ತರಿಸಿದವರಲ್ಲಿ ಬಹುಪಾಲು ಮಂದಿ ಇಂಗ್ಲಿಷ್ ಬಲ್ಲವರೇ. ಜನ ಏನನ್ನು ಹುಡುಕುತ್ತಾರೆ ಎಂಬುದರ ಮೇಲೆ ಜ್ವರದ ಅಲೆಯನ್ನು ಮುಂಚಿತವಾಗಿ ಹೇಳುತ್ತೇನೆಂದು 2008ರಲ್ಲಿ ಬಂದ ‘ಗೂಗಲ್ ಫ್ಲೂ ಟ್ರೆಂಡ್ಸ್’ ನಾಲ್ಕೈದು ವರ್ಷದಲ್ಲಿ ಸರ್ಕಾರಿ ಅಂಕಿಅಂಶದ ಸುಮಾರು ಎರಡರಷ್ಟು ಜ್ವರ ತೋರಿಸಿ, 2015ರಲ್ಲಿ ಬಾಗಿಲು ಹಾಕಿತು.

ಫೋನನ್ನು ಊರೊಳಗೆ ಒಯ್ದು ನೋಡಿದ ಪ್ರಯೋಗವೂ ಇಲ್ಲಿ ನಡೆದಿದೆ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ‘ಕ್ಲಿಪ್’ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರು, ಎಎನ್‌ಎಂಗಳು ಬಸುರಿಯ ಮನೆಗೆ ಹೋಗಿ ರಕ್ತದೊತ್ತಡ ಅಳೆದು, ಲಕ್ಷಣಗಳನ್ನು ಒಂದು ಮೊಬೈಲ್ ತಂತ್ರಾಂಶಕ್ಕೆ ತುಂಬುತ್ತಿದ್ದರು. ಅಪಾಯವಿದ್ದರೆ ಗುಳಿಗೆ ಕೊಡಬೇಕೇ, ದೊಡ್ಡ ದವಾಖಾನೆಗೆ ಕಳಿಸಬೇಕೇ ಎಂದು ಅದು ಹೇಳುತ್ತಿತ್ತು. ಇಂಥ ಸೌಲಭ್ಯ ಬಂದ ಹಳ್ಳಿಗಳಿಗೂ ಬರದ ಹಳ್ಳಿಗಳಿಗೂ ತಾಯಿ-ಮಗುವಿನ ಸಾವುನೋವುಗಳಲ್ಲಿ ಒಟ್ಟಾರೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಭಾರತ, ಪಾಕಿಸ್ತಾನ, ಮೊಜಾಂಬಿಕ್‌ಗಳ ಫಲಿತಾಂಶವನ್ನು ಒಟ್ಟು ಹಾಕಿ 2020ರಲ್ಲಿ ನೋಡಿದಾಗ ಒಂದು ಸುಳಿವು ಸಿಕ್ಕಿತು: ಎಂಟು ಅಥವಾ ಹೆಚ್ಚು ಸಲ ಭೇಟಿಯಾದ ಬಸುರಿಯರಲ್ಲಿ ತೊಂದರೆ ಕಡಿಮೆ ಇತ್ತು. ಕೈಯಲ್ಲಿ ಫೋನಿದೆಯೋ ಇಲ್ಲವೋ ಎಂಬುದಕ್ಕಿಂತ, ಆಶಾ ಕಾರ್ಯಕರ್ತೆ ಎಷ್ಟು ಸಲ ಬಾಗಿಲು ಬಡಿದಳು ಎಂಬುದು ದೊಡ್ಡದು.

ಒಪ್ಪಿಗೆ ಯಾರದು?

ದವಾಖಾನೆಯಲ್ಲಿ ಅಧ್ಯಯನಕ್ಕೆ ಸೇರುವ ವ್ಯಕ್ತಿ ತನ್ನ ಭಾಷೆಯ ಕಾಗದ ಓದಿಸಿಕೊಂಡು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಬೇಕು. ಖಾನಾಪುರದಂಥ ತಾಲ್ಲೂಕಿನಲ್ಲಿ ಆ ಭಾಷೆ ಕನ್ನಡವಿರಬಹುದು, ಮರಾಠಿಯಿರಬಹುದು, ಕೊಂಕಣಿ ಬೆರೆತ ಮಾತಿರಬಹುದು. ದುರ್ಬಲ ವರ್ಗದವರ ಮೇಲೆ ಹೊಸ ಔಷಧ ಪ್ರಯೋಗಿಸುವಾಗ ಸಮ್ಮತಿಯ ಮಾತುಕತೆಯನ್ನು ವಿಡಿಯೊ ಮಾಡಿಡಬೇಕೆಂಬ ನಿಯಮವೂ ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಸಿಗಬೇಕು.

ಫೋನಿನಲ್ಲಿ ಈ ಬೇಲಿ ತೆಳುವು. ಫೇಸ್‌ಬುಕ್ 2012ರಲ್ಲಿ 6,89,003 ಬಳಕೆದಾರರ ಪುಟದಲ್ಲಿ ಸಂತಸದ ಇಲ್ಲವೇ ದುಃಖದ ಸುದ್ದಿಗಳನ್ನು ಹೆಚ್ಚುಕಡಿಮೆ ಮಾಡಿ ಅವರ ಮನಸ್ಸು ಹೇಗೆ ಬದಲಾಗುತ್ತದೆಂದು ನೋಡಿತು. ಅವರಲ್ಲಿ ಯಾರನ್ನೂ ಪ್ರತ್ಯೇಕವಾಗಿ ಕೇಳಲಿಲ್ಲ. 2014ರಲ್ಲಿ ಅದು ಪ್ರಕಟವಾದಾಗ ಜಗತ್ತೇ ಸಿಟ್ಟಾಯಿತು. ನಮ್ಮ ಊರಿನ ರೂಪ ಇದಕ್ಕಿಂತ ಸರಳ: ರೋಗಿಯ ಎಕ್ಸ್‌ರೇ, ಗಾಯದ ಫೋಟೊ, ಹೆಸರಿರುವ ರಕ್ತಪರೀಕ್ಷೆಯ ಚೀಟಿ ಸಲಹೆಗೆಂದು ಒಂದು ಗ್ರೂಪಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಜಿಗಿಯುತ್ತದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆ್ಯಪ್ ಮೂಲಕ ವೈದ್ಯರ ಸಲಹೆ ಪಡೆಯಲು ಅವಕಾಶ ಕೊಟ್ಟಿತು, ಅದು ಒಳ್ಳೆಯದೇ. ಜಾಲತಾಣದಲ್ಲಿ ವೈದ್ಯರು ಹೇಗೆ ನಡೆದುಕೊಳ್ಳಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಅದೇ ವರ್ಷ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ಷರತ್ತಿನ ವಿನಾಯಿತಿ ಇದೆ. ಆ ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡಬೇಕಾದ ಮೊದಲ ಕಾವಲುಗಾರ ಆಯಾ ಸಂಸ್ಥೆಯ ನೈತಿಕ ಸಮಿತಿ.

ಕಾಡಿನ ಗಿಡ, ಮೊಬೈಲಿನ ಮದ್ದು

ಬೆಳಗಾವಿಗೆ ಔಷಧ ತಯಾರಿಕೆ, ಸಂಶೋಧನೆಗಳ ಜೊತೆ ಹಳೆಯ ನಂಟು ಇದೆ. ಇಂದು ಜನ ವಾಯುವಿಹಾರಕ್ಕೆ ಹೋಗುವ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಒಂದು ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ. 2006ರಲ್ಲಿ ಐಸಿಎಂಆರ್ ಇಲ್ಲಿ ಸ್ಥಾಪಿಸಿದ ಕೇಂದ್ರ ಈಗ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ. ಪಶ್ಚಿಮ ಘಟ್ಟದ ಔಷಧಿ ಸಸ್ಯಗಳ ಮೇಲೆ ಅದರ ಕೆಲಸ ನಡೆದಿದೆ.

ಮೊಬೈಲಿನಲ್ಲಿ ಬರುವ ನಾಟಿ ಮದ್ದಿನ ಸಂದೇಶಗಳನ್ನೆಲ್ಲ ಕಸವೆಂದು ಎಸೆಯಬೇಕಿಲ್ಲ. ಡೆಂಗಿಗೆ ಪಪ್ಪಾಯಿ ಎಲೆಯ ರಸ ಎಂಬ ಮಾತು ಹಿಡಿದು ನಮ್ಮ ದೇಶದಲ್ಲೇ ಹುಸಿ ಗುಳಿಗೆಯ ಎದುರು ಪರೀಕ್ಷೆಗಳು ನಡೆದಿವೆ. ಪ್ಲೇಟ್‌ಲೆಟ್ ಏರಿದ ವರದಿಗಳಿವೆ, ಆದರೆ ಅದರಿಂದ ಸಾವು ತಪ್ಪುತ್ತದೆಂದು ಸಾಬೀತಾಗಿಲ್ಲ. ಫಾರ್ವರ್ಡ್ ಪ್ರಶ್ನೆಯಾಗಿ ಬಂದರೆ ಸಂಶೋಧಕನಿಗೆ ಉಪಯೋಗ, ಉತ್ತರವಾಗಿ ಬಂದರೆ ರೋಗಿಗೆ ಅಪಾಯ.

ಇನ್ನೊಂದು ಎಚ್ಚರವೂ ಬೇಕು. ಘಟ್ಟದ ಈ ಭಾಗದಲ್ಲಿ ಬೆಳೆಯುವ, ಮರಾಠಿಯಲ್ಲಿ ನರಕ್ಯಾ ಎನ್ನುವ ಗಿಡದಲ್ಲಿ ಕ್ಯಾಂಪ್ಟೊಥೆಸಿನ್ ಇದೆ, ಕ್ಯಾನ್ಸರ್ ಔಷಧಗಳ ಮೂಲವಸ್ತು. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಎಂಬ ಭಾರತೀಯ ವಿಜ್ಞಾನಿಗಳು 1972ರಲ್ಲೇ ಅದನ್ನು ಈ ಗಿಡದಲ್ಲಿ ಗುರುತಿಸಿದರು. ಅಕ್ರಮ ಕಡಿತದ ಕಾಟ ಆ ಗಿಡಕ್ಕೆ ತಪ್ಪಿಲ್ಲ. ಇಂಥ ಸಸ್ಯದ ಜಾಗ ತೋರಿಸುವ ಒಂದು ವಿಡಿಯೊ ಕಾಡಿಗೆ ಕೊಡಲಿ ಕಳಿಸಬಲ್ಲದು. ತಿಳಿವಳಿಕೆ ಕೊಟ್ಟ ಹಳ್ಳಿಗನಿಗೆ ಲಾಭದಲ್ಲಿ ಪಾಲು ಸಿಗಬೇಕೆನ್ನುವ 2002ರ ಜೀವವೈವಿಧ್ಯ ಕಾಯ್ದೆ ವಿಡಿಯೊದ ಹಿಂದೆ ಓಡುವುದಿಲ್ಲ.

ಬಾಕಿ ಉಳಿದ ಕೆಲಸ

2015ರಲ್ಲಿ ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಹಳ್ಳಿಗಳಿಂದ ಒಂದು ಅನಿರೀಕ್ಷಿತ ಸುದ್ದಿ ಬಂತು. ಅವಧಿಗೆ ಮುನ್ನ ಹೆರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸು ಉಳಿಯುತ್ತದೆ ಎಂಬುದು ದೊಡ್ಡ ಆಸ್ಪತ್ರೆಗಳಲ್ಲಿ ಕಂಡ ಸತ್ಯ. ಅದನ್ನೇ ಹಳ್ಳಿಯ ಮಟ್ಟದಲ್ಲಿ ವ್ಯಾಪಕವಾಗಿ ಕೊಟ್ಟಾಗ ಕೂಸುಗಳ ಸಾವು ಒಟ್ಟಾರೆ ಹೆಚ್ಚಿತು. 2020ರ ‘ಆ್ಯಕ್ಷನ್’ ಅಧ್ಯಯನ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸರಿಯಾದ ಆರೈಕೆ ಇರುವ ಕಡೆ ಅದೇ ಚುಚ್ಚುಮದ್ದು ಕೂಸುಗಳನ್ನು ಉಳಿಸುತ್ತದೆ ಎಂದು ತೋರಿಸಿತು. ಅದೇ ವರ್ಷ ಬಂದ ಆಸ್ಪಿರಿನ್ ಅಧ್ಯಯನದ 11,976 ತಾಯಂದಿರಲ್ಲಿ ಬೆಳಗಾವಿಯವರೂ ಇದ್ದರು. ಚೊಚ್ಚಲ ಬಸುರಿಗೆ ದಿನಕ್ಕೊಂದು ಕಡಿಮೆ ಪ್ರಮಾಣದ ಗುಳಿಗೆಯಿಂದ ಅಕಾಲ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿಯಿತು. ಇಷ್ಟೆಲ್ಲ ಉತ್ತರಗಳು ಹೊರಟದ್ದು ನಮ್ಮ ಹಳ್ಳಿಗಳಿಂದ. ಪ್ರಕಟವಾದದ್ದು ಇಂಗ್ಲಿಷ್ ಪತ್ರಿಕೆಗಳಲ್ಲಿ.

ವೈದ್ಯಕೀಯ ಸಂಶೋಧನೆಯ ನೀತಿಗೆ ಜಗತ್ತು ಒಪ್ಪಿದ ಹೆಲ್ಸಿಂಕಿ ಘೋಷಣೆ, ಭಾಗವಹಿಸಿದವರಿಗೆ ಅಧ್ಯಯನದ ಫಲಿತಾಂಶ ತಿಳಿದುಕೊಳ್ಳುವ ಆಯ್ಕೆ ಇರಬೇಕೆನ್ನುತ್ತದೆ. ಜಾಲತಾಣಕ್ಕೆ ಇಲ್ಲಿ ನಿಜವಾದ ಕೆಲಸವಿದೆ. ಎರಡು ನಿಮಿಷದ ಕನ್ನಡ ಮಾತು, ಎರಡು ನಿಮಿಷದ ಮರಾಠಿ ಮಾತು: ‘ಅಕ್ಕಾ, ಆ ವರ್ಷ ನೀವು ನುಂಗಿದ ಗುಳಿಗೆಯಿಂದ ಗೊತ್ತಾದದ್ದು ಇದು.’ ಅದು ಆಶಾ ಕಾರ್ಯಕರ್ತೆಯ ಫೋನಿಗೆ ಬಂದರೆ, ರೇಂಜ್ ಇಲ್ಲದ ಊರಿಗೆ ಅವರೇ ಅದನ್ನು ಹೊತ್ತು ತಲುಪಿಸಬಲ್ಲರು. ಅದಕ್ಕೆ ತಗಲುವ ಡೇಟಾ ಮತ್ತು ಸಮಯದ ದುಡ್ಡನ್ನು ಅವರ ತಲೆಗೆ ಕಟ್ಟದೆ ಸಂಶೋಧನೆಯ ಬಜೆಟ್‌ನಲ್ಲೇ ಇಡಬೇಕು. ಪ್ರಯೋಗಕ್ಕೆ ಅನುಮತಿ ಕೊಡುವ ನೈತಿಕ ಸಮಿತಿಗಳು ಸಮ್ಮತಿ ಪತ್ರದ ಜೊತೆ ‘ಫಲಿತಾಂಶವನ್ನು ಜನರಿಗೆ ಹೇಗೆ ಹೇಳುತ್ತೀರಿ’ ಎಂಬ ಒಂದು ಪುಟವನ್ನೂ ಕೇಳಲಿ. ಹಾಗೆ ಫಲಿತಾಂಶ ತಲುಪಿದ ಊರಿನಲ್ಲಿ ಮುಂದಿನ ವದಂತಿಗೆ ನೆಲ ಸಿಗುವುದು ಕಷ್ಟ.

ಹಂಚುವ ಮುನ್ನ, ಸೇರುವ ಮುನ್ನ

ಔಷಧ ಪ್ರಯೋಗಕ್ಕೆ ಸ್ವಯಂಸೇವಕರು ಬೇಕೆಂಬ ಸಂದೇಶ ಬಂದರೆ ಸಿಟಿಆರ್‌ಐ ಸಂಖ್ಯೆ ಕೇಳಿ. ಇದು ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯ. ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಂಖ್ಯೆ ಇಲ್ಲದಿದ್ದರೆ ಫಾರ್ಮ್ ತುಂಬಬೇಡಿ.

ಯಾವ ನೈತಿಕ ಸಮಿತಿ ಒಪ್ಪಿದೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಮಧ್ಯದಲ್ಲೇ ಬಿಟ್ಟು ಬರಬಹುದೇ ಎಂದು ಕೇಳಿ. ಬಿಟ್ಟು ಬರುವುದು ನಿಮ್ಮ ಹಕ್ಕು, ಅದಕ್ಕಾಗಿ ದವಾಖಾನೆಯ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ.

‘ಇದರಿಂದ ಗುಣವಾಯಿತು’ ಎಂಬ ವಿಡಿಯೊ ಬಂದರೆ, ಅದನ್ನು ತೆಗೆದುಕೊಳ್ಳದವರ ಗತಿ ಏನಾಯಿತು ಎಂದು ಒಮ್ಮೆ ಕೇಳಿ. ಉತ್ತರವಿಲ್ಲದಿದ್ದರೆ ಆ ವಿಡಿಯೊ ನಿಮ್ಮ ಫೋನಿನಲ್ಲೇ ನಿಲ್ಲಲಿ. ಇನ್ನೊಬ್ಬರ ರಕ್ತಪರೀಕ್ಷೆಯ ಚೀಟಿಯನ್ನಂತೂ ಅವರನ್ನು ಕೇಳದೆ ಯಾವ ಗ್ರೂಪಿಗೂ ಹಾಕಬೇಡಿ.